ಕರೆಯುವವರು ಯಾರು, ಬರುವವರು ಯಾರು

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದ ಹೆಸರು ಅಡಿಕೆ ವ್ಯಾಪಾರದಲ್ಲಿ ತೊಡಗಿದವರಿಗೆಲ್ಲ ಗೊತ್ತಿರುವಂಥದು. ಅಲ್ಲಿನ ದೊಡ್ಡ ಕೆರೆಯ ಆಸರೆಯಲ್ಲಿ ಬೆಳೆದ ಅಡಿಕೆ, ತೆಂಗಿನ ತೋಟಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ನೀರಿನ ಹರವು ಮುಗಿಯುವಲ್ಲಿಂದ ಮಳೆಯನ್ನೇ ನಂಬಿದ ಖುಷ್ಕಿ ಹೊಲಗಳು ಮೊದಲಾಗುತ್ತವೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಕಡೆ ಸಾಗಿದರೂ ಇದೇ ಜೋಡಿ ಬೇಸಾಯ ಬೇರೆ ಬೇರೆ ಪ್ರಮಾಣದಲ್ಲಿ ಎದುರಾಗುತ್ತದೆ: ಒಂದೆಡೆ ಹತ್ತಾರು ವರ್ಷ ನಿಂತಲ್ಲೇ ನಿಂತು ಫಲ ಕೊಡುವ ಮರ, ಇನ್ನೊಂದೆಡೆ ನಾಲ್ಕು ತಿಂಗಳಲ್ಲಿ ಬಂದು ಹೋಗುವ ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಈ ಎರಡಕ್ಕೂ ಈಗ ಸಮಾನವಾದ ಒಂದು ವಸ್ತುವಿದೆ. ಹೊಲದಲ್ಲಿ ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ ಲಾಳಿಕೆಯಾಗಿ, ತೋಟದಲ್ಲಿ ಕಂಬಕ್ಕೆ ತೂಗುಹಾಕಿದ ಬಕೆಟ್ಟಾಗಿ ಕಾಣುವ ಅದನ್ನು ಇಲಾಖೆಯ ಕರಪತ್ರಗಳು ಲಿಂಗಾಕರ್ಷಕ ಬಲೆ ಅಥವಾ ಮೋಹಕ ಬಲೆ ಎಂದು ಕರೆದರೆ, ರೈತರು ಟ್ರ್ಯಾಪ್ ಎನ್ನುತ್ತಾರೆ; ಅದರೊಳಗೆ ಇಡುವ ವಾಸನೆಯ ಬಿರಡೆಗೆ ಲ್ಯೂರ್ ಎಂಬ ಹೆಸರೇ ನಿಂತುಬಿಟ್ಟಿದೆ. ಹೆಸರು ಒಂದೇ ಆದುದರಿಂದ ಕೆಲಸವೂ ಒಂದೇ ಎಂಬ ಭಾವನೆ ಬೆಳೆದಿದ್ದು, ಈ ತಂತ್ರದ ಬಗ್ಗೆ ಕೇಳಿಬರುವ ಅತಿ ಹೊಗಳಿಕೆಗೂ ಅತಿ ನಿರಾಶೆಗೂ ಬಹುಮಟ್ಟಿಗೆ ಇದೇ ಕಾರಣ. ಒಂದು ಬಲೆಯಿಂದ ಏನನ್ನು ನಿರೀಕ್ಷಿಸಬಹುದು ಎಂಬುದು ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ನಿಂತಿದೆ: ಆ ವಾಸನೆಯನ್ನು ನಿಸರ್ಗದಲ್ಲಿ ಬೀರುವುದು ಹೆಣ್ಣೋ ಗಂಡೋ, ಅದನ್ನು ಅರಸಿ ಬರುವುದು ಗಂಡು ಮಾತ್ರವೋ ಎರಡೂ ಲಿಂಗಗಳೋ.

ವಾಸನೆಯ ಮೂಲಕ ನಡೆಯುವ ಈ ಸಂಭಾಷಣೆಯನ್ನು ನೋಡಲು ಕರ್ನಾಟಕದಲ್ಲಿ ದೂರ ಹೋಗಬೇಕಿಲ್ಲ. ರೇಷ್ಮೆ ಬಿತ್ತನೆ ಕೋಠಿಯಲ್ಲಿ, ಎಂದರೆ ರೇಷ್ಮೆ ಮೊಟ್ಟೆ ತಯಾರಿಸುವ ಮನೆಯಲ್ಲಿ, ಗೂಡು ಸೀಳಿ ಹೊರಬಂದ ಹೆಣ್ಣು ಪತಂಗ ಭಾರವಾದ ಹೊಟ್ಟೆಯೊಂದಿಗೆ ಕೂತಲ್ಲೇ ಕೂತು, ಹೊಟ್ಟೆಯ ತುದಿಯಿಂದ ಹಳದಿ ಛಾಯೆಯ ಎರಡು ಪುಟ್ಟ ಉಬ್ಬುಗಳನ್ನು ಹೊರಚಾಚುತ್ತದೆ. ಸಾವಿರಾರು ವರ್ಷಗಳ ಸಾಕಣೆಯಿಂದಾಗಿ ಹಾರಾಟವನ್ನೇ ಮರೆತಿರುವ ಗಂಡು ಪತಂಗ, ಆ ಗಾಳಿ ಸೋಕಿದೊಡನೆ ರೆಕ್ಕೆಗಳನ್ನು ಪಟಪಟನೆ ಬಡಿಯುತ್ತ, ಸುತ್ತು ಹಾಕುತ್ತ, ನಡೆದೇ ಹೆಣ್ಣಿನ ಬಳಿ ತಲುಪುತ್ತದೆ. ಹೆಣ್ಣನ್ನು ಪಕ್ಕದಲ್ಲೇ ಗಾಜಿನ ಲೋಟದಡಿ ಮುಚ್ಚಿಟ್ಟರೆ ಅದು ಕಣ್ಣಿಗೆ ಕಾಣುತ್ತಿದ್ದರೂ ಗಂಡಿಗೆ ಅದರ ಗೊಡವೆಯಿಲ್ಲ. ಹೆಣ್ಣು ಕೂತೆದ್ದ ಕಾಗದದ ಚೂರನ್ನು ಇಟ್ಟರೆ ಅದರ ಸುತ್ತಲೇ ಕುಣಿಯುತ್ತದೆ.

ಈ ಕುಣಿತದ ಹಿಂದಿನ ರಾಸಾಯನಿಕವನ್ನು ಬೇರ್ಪಡಿಸಲು ಜರ್ಮನಿಯ ರಸಾಯನವಿಜ್ಞಾನಿ ಅಡಾಲ್ಫ್ ಬುಟೆನಾಂಟ್ ಮತ್ತು ಸಂಗಡಿಗರಿಗೆ ಸುಮಾರು 20 ವರ್ಷ ಹಿಡಿಯಿತು. ಅವರು ಬಳಸಿದ್ದು ಹತ್ತಿರ ಹತ್ತಿರ 5 ಲಕ್ಷ ಹೆಣ್ಣು ರೇಷ್ಮೆ ಪತಂಗಗಳ ಗ್ರಂಥಿಗಳನ್ನು, ಕೊನೆಗೆ ಕೈಗೆ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ ವಸ್ತು. 1959ರಲ್ಲಿ ಪ್ರಕಟವಾದ ಆ ವಸ್ತುವಿಗೆ ರೇಷ್ಮೆ ಹುಳುವಿನ ಶಾಸ್ತ್ರೀಯ ನಾಮ ಬಾಂಬಿಕ್ಸ್ ಎಂಬುದರಿಂದ ಬಾಂಬಿಕಾಲ್ ಎಂದು ಹೆಸರಾಯಿತು. ಅದೇ ವರ್ಷ ಪೀಟರ್ ಕಾರ್ಲ್‌ಸನ್ ಮತ್ತು ಮಾರ್ಟಿನ್ ಲೂಷರ್ ಎಂಬ ವಿಜ್ಞಾನಿಗಳು, ಒಂದು ಜೀವಿ ಹೊರಸೂಸಿ ಅದೇ ಜಾತಿಯ ಇನ್ನೊಂದು ಜೀವಿಯ ನಡವಳಿಕೆಯನ್ನೋ ಬೆಳವಣಿಗೆಯನ್ನೋ ಬದಲಿಸುವ ವಸ್ತುಗಳಿಗೆಲ್ಲ ಗ್ರೀಕ್ ಧಾತುಗಳಿಂದ ಫೆರೊಮೋನ್ ಎಂಬ ಪದವನ್ನು ಕಟ್ಟಿದರು. ಹಾರ್ಮೋನು ದೇಹದೊಳಗೇ ಸಂಚರಿಸಿ ಕೆಲಸ ಮಾಡಿದರೆ ಫೆರೊಮೋನು ಒಂದು ದೇಹದಿಂದ ಹೊರಟು ಇನ್ನೊಂದು ದೇಹದಲ್ಲಿ ಕೆಲಸ ಮಾಡುತ್ತದೆ. ಗಂಡಿನ ಗರಿಯಂಥ ಕುಡಿಮೀಸೆಯ ಮೇಲಿನ ಸಾವಿರಾರು ಸೂಕ್ಷ್ಮ ರೋಮಗಳ ಪೈಕಿ ಒಂದಕ್ಕೆ ಬಾಂಬಿಕಾಲ್‌ನ ಒಂದೇ ಒಂದು ಅಣು ತಗುಲಿದರೂ ನರದಲ್ಲಿ ಸಂಕೇತ ಹುಟ್ಟಬಲ್ಲದು ಎಂಬುದನ್ನು ಮುಂದಿನ ವರ್ಷಗಳಲ್ಲಿ ಡೀಟ್ರಿಚ್ ಷ್ನೈಡರ್ ಮತ್ತು ಅವರ ಶಿಷ್ಯರು ಕುಡಿಮೀಸೆಗೆ ವಿದ್ಯುತ್ ತಂತಿ ಜೋಡಿಸಿ ತೋರಿಸಿಕೊಟ್ಟರು. ಈಗಿನ ಪ್ರಯೋಗಾಲಯಗಳಲ್ಲೂ ಹೊಸ ಫೆರೊಮೋನನ್ನು ಹುಡುಕುವುದು ಬಹುಮಟ್ಟಿಗೆ ಇದೇ ಉಪಾಯದಿಂದ. ಗ್ರಂಥಿಯ ರಸವನ್ನು ಯಂತ್ರದಲ್ಲಿ ಘಟಕ ಘಟಕವಾಗಿ ಬಿಡಿಸಿ ಗಂಡಿನ ಕುಡಿಮೀಸೆಯ ಮೇಲೆ ಹಾಯಿಸಿದಾಗ ಯಾವ ಘಟಕಕ್ಕೆ ಅದು ಮಿಡಿಯುತ್ತದೋ ಅದೇ ಬೇಕಾದದ್ದು. ಅಳತೆಯ ಉಪಕರಣವಾಗಿ ಹುಳುವಿನ ಮೀಸೆಯನ್ನು ಮೀರಿಸುವುದು ಸುಲಭವಲ್ಲ.

ಪತಂಗಗಳ ಫೆರೊಮೋನುಗಳು ರಚನೆಯಲ್ಲಿ ಅಚ್ಚರಿಪಡುವಷ್ಟು ಸರಳ. ಹತ್ತರಿಂದ ಹದಿನೆಂಟು ಇಂಗಾಲದ ಪರಮಾಣುಗಳ ಒಂದು ನೇರ ಸರಪಳಿ, ಅದರಲ್ಲಿ ಒಂದೋ ಎರಡೋ ಜೋಡಿಬಂಧ, ತುದಿಯಲ್ಲಿ ಆಲ್ಕೊಹಾಲ್, ಆಲ್ಡಿಹೈಡ್ ಅಥವಾ ಅಸಿಟೇಟ್ ಗುಂಪು. ಹೆಚ್ಚಿನ ಜಾತಿಗಳ ಭಾಷೆಯೆಲ್ಲ ಇಷ್ಟು ಅಕ್ಷರಗಳಲ್ಲೇ ಮುಗಿಯುತ್ತದೆ. ಅಕ್ಷರ ಕಡಿಮೆಯಿದ್ದರೂ ಮಾತು ಬೆರೆಯುವುದಿಲ್ಲ. ಜೋಡಿಬಂಧ ಎಷ್ಟನೆಯ ಪರಮಾಣುವಿನ ಬಳಿ ಇದೆ, ಅದರಲ್ಲಿ ಸರಪಳಿ ಬಾಗಿದೆಯೋ ನೆಟ್ಟಗಿದೆಯೋ, ಎರಡು ಘಟಕಗಳಿದ್ದರೆ ಯಾವುದು ಎಷ್ಟು ಪಾಲು ಎಂಬುದೆಲ್ಲ ಸೇರಿ ಪ್ರತಿ ಜಾತಿಗೂ ಬೇರೆಯಾದ ಹದವೊಂದು ಸಿದ್ಧವಾಗುತ್ತದೆ. ತೊಗರಿ, ಕಡಲೆ, ಹತ್ತಿಗಳ ಕಾಯಿಕೊರಕ ಹೆಲಿಕೋವರ್ಪಾದ ಹೆಣ್ಣು ಬಳಸುವುದು 16 ಇಂಗಾಲದ ಎರಡು ಆಲ್ಡಿಹೈಡ್‌ಗಳನ್ನು, ಸುಮಾರು 97ಕ್ಕೆ 3ರ ಪ್ರಮಾಣದಲ್ಲಿ. ಹತ್ತಿಯ ಗುಲಾಬಿ ಕಾಯಿಕೊರಕದ ಹೆಣ್ಣು ಎರಡು ಅಸಿಟೇಟ್‌ಗಳನ್ನು ಸಮಸಮವಾಗಿ ಬೆರೆಸುತ್ತದೆ. ಸಾರಿಗೆ ಉಪ್ಪು ಹೆಚ್ಚಾದಂತೆ ಈ ಹದ ಕೆಟ್ಟರೆ ಗಂಡು ಅರ್ಧ ದಾರಿಯಿಂದಲೇ ಹಿಂದಿರುಗುತ್ತದೆ.

ವಾಸನೆಯನ್ನು ಹಿಡಿದು ಗಂಡು ಬರುವ ಬಗೆಯನ್ನೂ ಇಲ್ಲಿಯೇ ತಿಳಿದಿರುವುದು ಒಳ್ಳೆಯದು. ಹೆಣ್ಣು ಬೀರಿದ ವಾಸನೆ ಊದುಬತ್ತಿಯ ಹೊಗೆಯಂತೆ ಎಳೆಎಳೆಯಾಗಿ ಹರಿದು ಗಾಳಿಯೊಂದಿಗೆ ಸಾಗುತ್ತದೆ. ಎಳೆ ತಗುಲಿದಾಗ ಗಂಡು ಗಾಳಿಗೆ ಎದುರಾಗಿ ಮುನ್ನುಗ್ಗುತ್ತದೆ, ತಪ್ಪಿದಾಗ ಅಡ್ಡಡ್ಡ ಹಾರಿ ಮತ್ತೆ ಹುಡುಕುತ್ತದೆ. ಹೀಗೆ ಅಂಕುಡೊಂಕಾಗಿ ಮೂಲವನ್ನು ಮುಟ್ಟುತ್ತದೆ. ಬಲೆಯನ್ನು ಪೈರಿನ ತುದಿಗಿಂತ ಸುಮಾರು ಒಂದು ಅಡಿ ಮೇಲಿಟ್ಟು, ಪೈರು ಬೆಳೆದಂತೆ ಕೋಲಿನಲ್ಲಿ ಮೇಲೇರಿಸುತ್ತ ಹೋಗಬೇಕು ಎಂದು ಹೇಳುವುದು ಈ ಕಾರಣಕ್ಕೆ. ಎಲೆಗಳ ಮರೆಯಲ್ಲಿ ಮುಳುಗಿದ ಬಲೆಯ ಎಳೆಗಳು ಗಾಳಿಗೆ ಸೇರುವುದೇ ಇಲ್ಲ.

ಖುಷ್ಕಿ ಹೊಲದ ಲೆಕ್ಕ

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಕಾಲೇಜಿನ ಕೀಟವಿಜ್ಞಾನಿಗಳು ಮೆಕ್ಕೆಜೋಳದ ಸುಳಿಯಲ್ಲಿ ಒಂದು ಅಪರಿಚಿತ ಹುಳುವನ್ನು ಕಂಡರು. ಅಮೆರಿಕ ಖಂಡಗಳ ಮೂಲದ, 2016ರಲ್ಲಿ ಆಫ್ರಿಕಕ್ಕೆ ಕಾಲಿಟ್ಟಿದ್ದ ಫಾಲ್ ಸೈನಿಕ ಹುಳು ಅದೆಂದು ಖಚಿತವಾದಾಗ, ಅದು ಭಾರತಕ್ಕಷ್ಟೇ ಅಲ್ಲ, ಏಷ್ಯಾ ಖಂಡಕ್ಕೇ ಮೊದಲ ದಾಖಲೆಯಾಯಿತು. ದಾವಣಗೆರೆ, ಚಿತ್ರದುರ್ಗಗಳ ಮೆಕ್ಕೆಜೋಳದ ಪಟ್ಟಿ ಅಲ್ಲಿಂದ ಒಂದು ಹೆಜ್ಜೆಯ ದೂರ; ಅದೇ ಮುಂಗಾರಿನಲ್ಲಿ ಹುಳು ಈ ಹೊಲಗಳಲ್ಲೂ ಕಾಣಿಸಿಕೊಂಡಿತು. ಹುಳು ಹೊಸದಾದರೂ ಅದರ ಲ್ಯೂರ್ ಹೊಸದಾಗಿರಲಿಲ್ಲ. ಹೆಣ್ಣು ಪತಂಗದ ಮುಖ್ಯ ಫೆರೊಮೋನು ಅಮೆರಿಕದಲ್ಲಿ 1960ರ ದಶಕದಲ್ಲೇ ಗುರುತಾಗಿತ್ತು. ಅತ್ಯಲ್ಪ ಪ್ರಮಾಣದಲ್ಲಿದ್ದರೂ ಗಂಡನ್ನು ಬಲೆಯೊಳಗೆ ಇಳಿಸುವ ಎರಡನೆಯ ಘಟಕವೂ ಹುಳು ಇಲ್ಲಿಗೆ ಬರುವ ಹೊತ್ತಿಗೆ ತಿಳಿದಿತ್ತು. ಹೀಗಾಗಿ ಹುಳು ಬಂದ ಹಿಂದೆಯೇ ಬಲೆಯೂ ಬಂತು.

ಮುಂಜಾನೆ ಆ ಬಲೆಯ ಕೆಳಗಿನ ಪಾಲಿಥೀನ್ ಚೀಲದ ಗಂಟು ಬಿಚ್ಚಿ ಬಿಳಿ ಕಾಗದದ ಮೇಲೆ ಸುರಿದರೆ ಬೀಳುವುದು ಬೂದಿ ಬಣ್ಣದ ಒಂದು ಹಿಡಿ ಪತಂಗಗಳು. ಮುಂದಿನ ರೆಕ್ಕೆಯ ತುದಿಯಲ್ಲಿ ಬಿಳಿಯ ತ್ರಿಕೋನ ಮಚ್ಚೆಯಿರುವವು ಸೈನಿಕ ಹುಳುವಿನ ಗಂಡುಗಳು. ಮಚ್ಚೆಯಿಲ್ಲದೆ ಅದೇ ಗಾತ್ರದಲ್ಲಿರುವ ಬೇರೆ ಪತಂಗಗಳೂ ಎಷ್ಟೋ ಸಲ ಸೇರಿರುತ್ತವೆ, ಅವನ್ನು ಎಣಿಸಬಾರದು. ಅಲ್ಲಿ ಹೆಣ್ಣುಗಳನ್ನು ಹುಡುಕುವುದು ವ್ಯರ್ಥ, ಏಕೆಂದರೆ ಹೆಣ್ಣಿನ ವಾಸನೆಗೆ ಹೆಣ್ಣು ಬರುವುದಿಲ್ಲ. ಪೈರಿಗೆ ಹಾನಿ ಮಾಡುವುದು ಹೆಣ್ಣು ಇಟ್ಟ ಮೊಟ್ಟೆಗಳಿಂದ ಬರುವ ಹುಳುಗಳು. ಬಲೆಯಲ್ಲಿ ಸತ್ತಿರುವುದು ಒಂದು ಎಲೆಯನ್ನೂ ಎಂದೂ ಕಡಿಯದ ಗಂಡುಗಳು. ಈ ವಿಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬಲೆಯ ಉಪಯೋಗ ತಾನಾಗಿ ಸ್ಪಷ್ಟವಾಗುತ್ತದೆ. ಗಂಡುಗಳು ಹಾರಾಡುತ್ತಿವೆ ಎಂದರೆ ಹೆಣ್ಣುಗಳೂ ಇವೆ, ಮೊಟ್ಟೆಗಳು ಬೀಳುತ್ತಿವೆ, ಎರಡು ಮೂರು ದಿನಗಳಲ್ಲಿ ಮರಿಗಳು ಹೊರಬರಲಿವೆ ಎಂದರ್ಥ. ಸುಳಿಯೊಳಗೆ ಇಳಿದು ಮರದ ಹೊಟ್ಟಿನಂಥ ಲದ್ದಿಯಿಂದ ಬಾಯಿ ಮುಚ್ಚಿಕೊಂಡ ದೊಡ್ಡ ಹುಳುವಿಗೆ ಯಾವ ಔಷಧಿ ಹೊಡೆದರೂ ಮುಟ್ಟುವುದು ಕಷ್ಟ. ಎಲೆಯ ಮೇಲೆ ಬಿಳಿ ಪರೆಯಂತೆ ಕೆರೆಯುತ್ತಿರುವ ಎಳೆ ಮರಿಗೆ ಬೇವಿನ ಕಷಾಯವೂ ನಾಟುತ್ತದೆ. ಈ ಎರಡು ಸ್ಥಿತಿಗಳ ನಡುವೆ ಇರುವುದು ಒಂದು ವಾರದ ಅಂತರವಾದುದರಿಂದ, ಯಾವ ದಿನ ಹೊಲಕ್ಕಿಳಿದು ಗಿಡಗಳನ್ನು ಬಗ್ಗಿ ನೋಡಬೇಕೆಂದು ಹೇಳುವ ಬಲೆ ದುಡ್ಡಿಗೆ ಮೋಸವಿಲ್ಲದ ಸಾಧನ. ಸಿಂಪಡಿಸಬೇಕೋ ಬೇಡವೋ ಎಂಬುದನ್ನು ಮಾತ್ರ ಗಿಡವನ್ನೇ ಕೇಳಬೇಕು.

ಚಳ್ಳಕೆರೆ, ಹಿರಿಯೂರಿನ ಶೇಂಗಾಕ್ಕೂ ಇಂಥ ಕಾವಲುಗಳಿವೆ. ಎಲೆಯೊಳಗೆ ಸುರಂಗ ಕೊರೆದು, ಬೆಳೆದ ಮೇಲೆ ಎಲೆಗಳನ್ನು ಹೆಣೆದು ಹೊಲವನ್ನೇ ಸುಟ್ಟಂತೆ ಮಾಡುವ ಎಲೆ ಸುರಂಗ ಕೀಟದ ಮೂರು ಘಟಕಗಳ ಫೆರೊಮೋನನ್ನು ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನೊಂದಿಗೆ ಬ್ರಿಟನ್ನಿನ ವಿಜ್ಞಾನಿಗಳು 1990ರ ದಶಕದ ಆರಂಭದಲ್ಲಿ ಬಿಡಿಸಿದರು. ಶೇಂಗಾ, ಮೆಣಸಿನಕಾಯಿ, ತಂಬಾಕುಗಳನ್ನು ತಿನ್ನುವ ಸ್ಪೊಡೊಪ್ಟೆರಾ ಲಿಟುರಾದ ಫೆರೊಮೋನು ಜಪಾನಿನಲ್ಲಿ 1973ರಲ್ಲಿ ಗುರುತಾದದ್ದು. ಎರಡೂ ಕಡೆ ಕರೆಯುವುದು ಹೆಣ್ಣು, ಬರುವುದು ಗಂಡು.

ಬಲೆಗಳ ಸಂಖ್ಯೆಯನ್ನು ಎಕರೆಗೆ ನಾಲ್ಕೈದರಿಂದ ಹದಿನೈದಕ್ಕೆ ಏರಿಸಿ ಗಂಡುಗಳನ್ನೆಲ್ಲ ಹಿಡಿದುಹಾಕಿದರೆ ಹೆಣ್ಣುಗಳು ಮೊಟ್ಟೆಯಿಡಲಾರವು ಎಂಬ ವಾದ ಕೇಳಲು ಸರಿಯಾಗಿಯೇ ತೋರುತ್ತದೆ. ಒಂದು ಕಲ್ಪಿತ ಲೆಕ್ಕ ಅದರ ತೊಡಕನ್ನು ತೋರಿಸುತ್ತದೆ. ಒಂದು ಹೊಲದಲ್ಲಿ 100 ಹೆಣ್ಣು, 100 ಗಂಡು ಪತಂಗಗಳಿದ್ದು, ಬಲೆಗಳು 80 ಗಂಡುಗಳನ್ನು ಮೊದಲ ರಾತ್ರಿಯೇ ಹಿಡಿದವು ಎನ್ನೋಣ. ಉಳಿದ 20 ಗಂಡುಗಳು ರಾತ್ರಿಗೊಂದು ಹೆಣ್ಣಿನಂತೆ ಕೂಡಿದರೂ ಐದನೆಯ ರಾತ್ರಿಗೆ 100 ಹೆಣ್ಣುಗಳ ಕೆಲಸವೂ ಮುಗಿದಿರುತ್ತದೆ; ಪತಂಗದ ಆಯುಸ್ಸು ಅದಕ್ಕಿಂತ ದೀರ್ಘವೇ. ಕೂಡುವುದು ತಡವಾದ ಹೆಣ್ಣು ಸ್ವಲ್ಪ ಕಡಿಮೆ ಮೊಟ್ಟೆಯಿಟ್ಟೀತು, ಅಷ್ಟೇ. ಮೇಲಾಗಿ ಹುಳುವಿನ ಹಾವಳಿ ಹೆಚ್ಚಾದಷ್ಟೂ ಕರೆಯುವ ನಿಜವಾದ ಹೆಣ್ಣುಗಳ ಸಂಖ್ಯೆ ಹೆಚ್ಚಿ ರಬ್ಬರ್ ಬಿರಡೆಯ ಕರೆ ಅವುಗಳ ನಡುವೆ ಕಳೆದುಹೋಗುತ್ತದೆ, ಎಂದರೆ ಬಲೆ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದರ ಬಲ ಕುಗ್ಗುತ್ತದೆ. ಇನ್ನು ಪಕ್ಕದ ಹೊಲದಲ್ಲಿ ಕೂಡಿ, ಗಾಳಿಯೊಂದಿಗೆ ಹಾರಿಬಂದು ಮೊಟ್ಟೆಯಿಡುವ ಹೆಣ್ಣಿಗಂತೂ ಯಾವ ಗಂಡಿನ ಹಂಗೂ ಇಲ್ಲ. ಎರಡು ಎಕರೆಯ ಮೆಕ್ಕೆಜೋಳಕ್ಕೆ ಮೂವತ್ತು ಬಲೆ ಕಟ್ಟಿಸಿ, ಔಷಧಿಯ ಖರ್ಚು ಉಳಿಯಿತೆಂದು ನಂಬಿಸುವ ಮಾರಾಟದ ಮಾತಿಗೆ ಕಿವಿಗೊಡದಿರುವುದು ಲೇಸು.

ಈ ಲೆಕ್ಕಕ್ಕೆ ಅಪವಾದವೊಂದಿದ್ದು, ಅದರ ಬೇರು ಭಾರತದಲ್ಲೇ ಇದೆ. ಬಿಹಾರದ ಪೂಸಾದಲ್ಲಿದ್ದ ಕೀಟವಿಜ್ಞಾನಿ ಎಫ್. ಎಂ. ಹೌಲೆಟ್, ಸೊಳ್ಳೆ ಓಡಿಸಲು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣದ ಗಂಡುಗಳು ಮುತ್ತುವುದನ್ನು 1912ರಲ್ಲಿ ವರದಿ ಮಾಡಿದರು. ಅದರ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಮೀಥೈಲ್ ಯೂಜಿನಾಲ್, ತುಳಸಿಯ ಎಲೆಯಲ್ಲೂ ಇರುವ ವಸ್ತು. ಇದು ಫೆರೊಮೋನೇ ಅಲ್ಲ, ಗಿಡದ ವಾಸನೆ. ಆದರೆ ಮಾವು, ಸೀಬೆಗಳ ಹಣ್ಣುನೊಣದ ಗಂಡಿಗೆ ಅದರ ಹುಚ್ಚು ಎಷ್ಟೆಂದರೆ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಗಂಡುಗಳನ್ನು ನಿರ್ಮೂಲ ಮಾಡಬಹುದು. ಪೆಸಿಫಿಕ್ ಸಾಗರದ ರೋಟಾ ಎಂಬ ಪುಟ್ಟ ದ್ವೀಪದಲ್ಲಿ 1960ರ ದಶಕದಲ್ಲಿ ಹೀಗೆ ಹಣ್ಣುನೊಣದ ಸಂತತಿಯನ್ನೇ ಅಳಿಸಲಾಯಿತು. ಸುತ್ತ ಸಮುದ್ರವಿದ್ದುದರಿಂದ ಪಕ್ಕದ ಹೊಲದ ಕಾಟ ಅಲ್ಲಿ ಇರಲಿಲ್ಲ ಎಂಬುದನ್ನು ಮರೆಯಬಾರದು. ಬಿಸಿಲಿಗೆ ಬೇಗ ಆರಿಹೋಗುವ ಈ ದ್ರವವನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಒಂದು ನ್ಯಾನೊ ಜೆಲ್ಲನ್ನು ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೊ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2013ರಲ್ಲಿ ಪ್ರಕಟಿಸಿದ್ದಾರೆ.

ಬಲೆಯನ್ನೇ ಬಿಟ್ಟು ವಾಸನೆಯನ್ನು ಹೊಲದ ತುಂಬ ಹರಡಿ ಗಂಡಿಗೆ ದಾರಿ ತಪ್ಪಿಸುವ ಇನ್ನೊಂದು ವಿಧಾನಕ್ಕೆ ಮಿಲನ ಭಂಗ ಎನ್ನಬಹುದು. ಎಲ್ಲ ದಿಕ್ಕಿನಿಂದಲೂ ಕರೆ ಬರುತ್ತಿದ್ದರೆ ಗಂಡು ಹುಸಿ ಜಾಡುಗಳನ್ನು ಹಿಡಿದು ದಣಿಯುತ್ತದೆ, ಇಲ್ಲವೇ ಅದರ ಕುಡಿಮೀಸೆ ಮರಗಟ್ಟಿ ನಿಜವಾದ ಹೆಣ್ಣಿನ ಎಳೆ ಅದಕ್ಕೆ ತಿಳಿಯದೆ ಹೋಗುತ್ತದೆ. ಅಮೆರಿಕ 1978ರಲ್ಲಿ ಈ ಬಗೆಯ ಬಳಕೆಗೆ ಮೊದಲ ಬಾರಿ ಅನುಮತಿ ಕೊಟ್ಟದ್ದು ಗುಲಾಬಿ ಕಾಯಿಕೊರಕದ ಫೆರೊಮೋನಿಗೆ. ಅದೇ ಹುಳು ಭಾರತದಲ್ಲಿ ಬಿಟಿ ಹತ್ತಿಯ ಎರಡೂ ವಿಷಗಳನ್ನು ಜೀರ್ಣಿಸಿಕೊಂಡ ಮೇಲೆ, ಫೆರೊಮೋನು ತುಂಬಿದ ಎಳೆಗಳನ್ನು ಗಿಡಕ್ಕೆ ಕಟ್ಟುವ ಕ್ರಮ ಇಲ್ಲಿನ ಹತ್ತಿ ಸೀಮೆಗಳಿಗೂ ಬಂದಿದೆ. ನೂರಾರು ಎಕರೆಯ ರೈತರು ಒಟ್ಟಾಗಿ ಒಂದೇ ವಾರ ಕಟ್ಟಿದಲ್ಲಿ ಅದು ಫಲ ಕೊಡುತ್ತದೆ. ಒಬ್ಬರ ತುಂಡು ಹೊಲದಲ್ಲಿ ಅದು ದುಬಾರಿ ಅಲಂಕಾರ.

ತೆಂಗಿನ ತೋಟದ ಮೂವರು

ಖುಷ್ಕಿಯಿಂದ ತೋಟಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ತೆಂಗನ್ನು ಕಾಡುವ ಮೂರು ಮುಖ್ಯ ಕೀಟಗಳಿಗೂ ಈಗ ಲ್ಯೂರ್ ಇದ್ದು, ಅವುಗಳಲ್ಲಿ ಒಂದು ಮಾತ್ರ ನಿಜವಾದ ಅರ್ಥದಲ್ಲಿ ಲಿಂಗಾಕರ್ಷಕ.

ಅದು ಕಪ್ಪುತಲೆ ಹುಳುವಿನದು. ಗರಿಯ ಅಡಿಭಾಗದಲ್ಲಿ ತನ್ನ ನೂಲು ಮತ್ತು ಲದ್ದಿ ಸೇರಿಸಿ ಸುರಂಗದಂಥ ಜಾಲ ಕಟ್ಟಿಕೊಂಡು ಹಸಿರನ್ನು ಕೆರೆದು ತಿನ್ನುವ ಈ ಹುಳು ಕೆಳಗರಿಗಳಿಂದ ಮೇಲೇರುತ್ತದೆ. ಹಾವಳಿ ಜೋರಾದ ಬೇಸಿಗೆಯಲ್ಲಿ ದೂರದಿಂದ ನೋಡಿದವರಿಗೆ ತೋಟಕ್ಕೆ ಬೆಂಕಿ ತಗುಲಿದಂತೆ ಕಾಣುತ್ತದೆ. ಎತ್ತರದ ಮರಕ್ಕೆ ಸಿಂಪಡಿಸಲಾಗದೆ ಬೇರಿನ ಮೂಲಕ ವಿಷ ಉಣಿಸುವ ಪದ್ಧತಿ ಬೆಳೆದಿತ್ತು. ಇನ್ನೊಂದೆಡೆ, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಗೋನಿಯೋಜಸ್ ಎಂಬ ಇರುವೆ ಗಾತ್ರದ ಪರತಂತ್ರ ಕಣಜವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋಟಗಳಿಗೆ ಬಿಡುವ ಕ್ರಮವೂ ಕರ್ನಾಟಕದಲ್ಲಿ ಬಹುಕಾಲದಿಂದ ಇದೆ. ಬೆಂಗಳೂರಿನ ಬಯೊಕಂಟ್ರೋಲ್ ರಿಸರ್ಚ್ ಲ್ಯಾಬೊರೇಟರೀಸ್‌ನ ಸಂಶೋಧಕರು ಬ್ರಿಟನ್ನಿನ ನ್ಯಾಚುರಲ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಜೊತೆಗೂಡಿ ಕಪ್ಪುತಲೆ ಹುಳುವಿನ ಹೆಣ್ಣಿನ ಫೆರೊಮೋನನ್ನು ಬಿಡಿಸಿದರು. ಮೇಲೆ ಹೇಳಿದ ಆಲ್ಕೊಹಾಲ್, ಅಸಿಟೇಟ್‌ಗಳ ವರ್ಣಮಾಲೆಗೆ ಇದು ಸೇರುವುದಿಲ್ಲ. 23 ಇಂಗಾಲ ಪರಮಾಣುಗಳ, ಮೂರು ಜೋಡಿಬಂಧಗಳ, ಆಮ್ಲಜನಕದ ಸೋಂಕೇ ಇಲ್ಲದ ಬರಿಯ ಹೈಡ್ರೊಕಾರ್ಬನ್ ಇದರ ಮುಖ್ಯ ಘಟಕ; ಟ್ರೈಕೊಸಾಟ್ರೈಯೀನ್ ಎಂಬುದು ಅದರ ಹೆಸರು.

ಈ ಹುಳುವಿನ ಬದುಕಿನಲ್ಲಿ ಬಲೆಯ ಕೆಲಸಕ್ಕೆ ಹೇಳಿ ಮಾಡಿಸಿದಂಥ ಎರಡು ಗುಣಗಳಿವೆ. ಮೊದಲನೆಯದು, ಒಂದು ತೋಟದ ಹುಳುಗಳೆಲ್ಲ ಬಹುಮಟ್ಟಿಗೆ ಒಂದೇ ವಯಸ್ಸಿನವಾಗಿರುವುದು. ವರ್ಷವಿಡೀ ಮೊಟ್ಟೆ, ಹುಳು, ಕೋಶ, ಪತಂಗ ಕಲಸುಮೇಲೋಗರವಾಗಿ ಸಿಗುವ ಇತರ ಕೀಟಗಳಂತಲ್ಲದೆ, ಇಲ್ಲಿ ಒಂದು ಪೀಳಿಗೆ ಮುಗಿದ ಮೇಲೆಯೇ ಇನ್ನೊಂದು ಶುರುವಾಗುತ್ತದೆ. ಶ್ರೀಲಂಕಾದಲ್ಲಿ ಮೊದಲು ಗಮನಿಸಿದ ಈ ಸಂಗತಿಯನ್ನು ಬೆಂಗಳೂರಿನ ಸಂಶೋಧಕರು ಕರ್ನಾಟಕದ ತೋಟಗಳಲ್ಲೂ ದೃಢಪಡಿಸಿದ್ದಾರೆ. ಆದ್ದರಿಂದ ಬಲೆಗೆ ಗಂಡುಗಳು ಕೆಲವು ವಾರ ತುಂಬಿ ಬೀಳುತ್ತವೆ, ಆಮೇಲೆ ಸುಮಾರು ಎರಡು ತಿಂಗಳವರೆಗೆ ಬಲೆ ಹೆಚ್ಚುಕಡಿಮೆ ಬರಿದು. ಗೋನಿಯೋಜಸ್ ಕಣಜಕ್ಕೆ ಬೇಕಾದದ್ದು ಅರ್ಧ ಬೆಳೆದ ಹುಳುಗಳು. ತೋಟದಲ್ಲಿ ಬರಿ ಮೊಟ್ಟೆಗಳೋ ಕೋಶಗಳೋ ಇರುವಾಗ ತಂದು ಬಿಟ್ಟ ಕಣಜ ಉಣಿಸಿಲ್ಲದೆ ಸಾಯುತ್ತದೆ, ತಂದವರು ಕಣಜದಿಂದ ಏನೂ ಆಗಲಿಲ್ಲ ಎನ್ನುತ್ತಾರೆ. ಬಲೆಯಲ್ಲಿ ಪತಂಗಗಳ ಸಂಖ್ಯೆ ನೆತ್ತಿಗೇರಿದ ದಿನವನ್ನು ಗುರುತು ಹಾಕಿಕೊಂಡು, ಮೊಟ್ಟೆಯೊಡೆಯಲು ಐದಾರು ದಿನ, ಎಳೆ ಹುಳು ಬಲಿಯಲು ಮತ್ತೆರಡು ವಾರ ಎಂದು ಲೆಕ್ಕ ಹಾಕಿದರೆ ಕಣಜ ಬಿಡುವ ವಾರ ಸಿಕ್ಕಿಬಿಡುತ್ತದೆ. ಎರಡನೆಯ ಗುಣ, ಗಂಡುಗಳು ಹೆಣ್ಣುಗಳಿಗಿಂತ ಕೆಲವು ದಿನ ಮುಂಚೆಯೇ ಕೋಶದಿಂದ ಹೊರಬರುವುದು. ಆ ದಿನಗಳಲ್ಲಿ ತೋಟದಲ್ಲಿ ಕರೆಯುವ ನಿಜವಾದ ಹೆಣ್ಣು ಇರುವುದಿಲ್ಲವಾದ್ದರಿಂದ ಲ್ಯೂರಿಗೆ ಪೈಪೋಟಿಯೇ ಇಲ್ಲ. ಗಂಡುಗಳನ್ನು ಸಾಮೂಹಿಕವಾಗಿ ಹಿಡಿಯುವುದರಿಂದ ಪ್ರಯೋಜನವಿಲ್ಲ ಎಂದು ಮೆಕ್ಕೆಜೋಳದ ವಿಷಯದಲ್ಲಿ ಹೇಳಿದ ಮಾತು ಹೀಗಾಗಿ ಇಲ್ಲಿ ಅಷ್ಟೇ ಬಿರುಸಾಗಿ ಅನ್ವಯಿಸುವುದಿಲ್ಲ. ಬಲೆಗಳು ಹೆಣ್ಣು ಬರುವ ಮೊದಲೇ ಸಿದ್ಧವಿರಬೇಕು ಎಂಬ ಷರತ್ತಿನ ಮೇಲೆ.

ಉಳಿದ ಎರಡು ಕೀಟಗಳದು ಬೇರೆಯೇ ಕಥೆ. ತಲೆಯ ಮೇಲೆ ಕೊಂಬಿರುವ ರೈನೋಸಿರಸ್ ದುಂಬಿ, ಬಿಚ್ಚದ ಸುಳಿಯನ್ನು ಕೊರೆದು ರಸ ಹೀರುತ್ತದೆ. ಆ ಸುಳಿ ಬಿಚ್ಚಿದಾಗ ಗರಿಗಳು ಕತ್ತರಿಯಿಂದ ಮೂಲೆ ಮೂಲೆಯಾಗಿ ಕತ್ತರಿಸಿದಂತೆ ಕಾಣುತ್ತವೆ. ಈ ಗಾಯದ ವಾಸನೆ ಹಿಡಿದು ಬರುವುದು ಕೆಂಪು ಮೂತಿ ಹುಳು. ಹೆಸರಿಗೆ ಹುಳುವಾದರೂ ಉದ್ದ ಮೂತಿಯ ದುಂಬಿಯಾದ ಇದರ ಹೆಣ್ಣು ಗಾಯದಲ್ಲಿ ನೂರಾರು ಮೊಟ್ಟೆಗಳನ್ನಿಟ್ಟು, ಮರಿಗಳು ಕಾಂಡವನ್ನು ಒಳಗಿಂದಲೇ ತಿಂದುಹಾಕುತ್ತವೆ. ಕಾಂಡದ ತೂತುಗಳಿಂದ ಕಂದು ರಸ ಸೋರಿ, ಅಗಿದುಗುಳಿದ ನಾರು ಹೊರಬಿದ್ದಿರುವುದು ಕಣ್ಣಿಗೆ ಬೀಳುವ ಹೊತ್ತಿಗೆ ಮರ ಹೆಚ್ಚಾಗಿ ಕೈಬಿಟ್ಟಿರುತ್ತದೆ. ಕೆನಡಾದ ವಿಜ್ಞಾನಿಗಳ ತಂಡ 1993ರಲ್ಲಿ ಕೆಂಪು ಮೂತಿ ಹುಳುವಿನ, 1995ರಲ್ಲಿ ರೈನೋಸಿರಸ್ ದುಂಬಿಯ ಫೆರೊಮೋನನ್ನು ಪ್ರಕಟಿಸಿತು. ಎರಡರಲ್ಲೂ ವಾಸನೆ ಬೀರುವುದು ಗಂಡು. ‘ಇಲ್ಲಿ ಊಟವಿದೆ, ಬನ್ನಿ’ ಎಂಬ ಅರ್ಥದ ಆ ಕರೆಗೆ ಗಂಡು ಹೆಣ್ಣು ಎರಡೂ ಬರುತ್ತವೆ. ಇವುಗಳನ್ನು ಲಿಂಗಾಕರ್ಷಕ ಎನ್ನುವುದು ರೂಢಿಯ ತಪ್ಪು. ಸಮೂಹ ಫೆರೊಮೋನು ಎನ್ನುವುದು ಸರಿ. ಪದದ ಈ ಎಳೆದಾಟ ಪಂಡಿತರ ಚಪಲವೆಂದು ತಳ್ಳಿಹಾಕುವಂತಿಲ್ಲ. ಬಕೆಟ್ಟಿಗೆ ಹೆಣ್ಣು ಬೀಳುತ್ತದೆ ಎಂದಾದರೆ ಅದರೊಂದಿಗೆ ಅದು ಇನ್ನೂ ಇಡಬೇಕಿದ್ದ ಮೊಟ್ಟೆಗಳೂ ಹೋದವು. ಮೆಕ್ಕೆಜೋಳದ ಬಲೆ ಎಣಿಸುವ ಸಾಧನವಾದರೆ ಇದು ನಿಜವಾಗಿ ಕೊಲ್ಲುವ ಸಾಧನ.

ಅದಕ್ಕೇ ಇದರ ಕಟ್ಟುವಿಕೆಯಲ್ಲಿ ನಿಗಾ ಹೆಚ್ಚು ಬೇಕು. ಕೆಂಪು ಮೂತಿ ಹುಳು ಬಲೆಯ ಅಂಚಿಗೆ ಬಂದಿಳಿದು ನಡೆದು ಒಳಗಿಳಿಯುವ ಜೀವಿಯಾದುದರಿಂದ, ನುಣುಪಾದ ಬಕೆಟ್ಟಿನ ಹೊರಮೈಗೆ ಗೋಣಿಚೀಲ ಸುತ್ತಿ ಹಿಡಿತ ಒದಗಿಸಬೇಕು. ಮೇಲ್ಭಾಗದಲ್ಲಿ ಕೊರೆದ ತೂತುಗಳಿಂದ ಒಳಬಿದ್ದದ್ದು ಹೊರಬರದಂತೆ ತಳದಲ್ಲಿ ನೀರಿರಬೇಕು. ಆ ನೀರಿನಲ್ಲಿ ಬೆಲ್ಲ, ಸೀಳಿದ ಕಬ್ಬು ಅಥವಾ ಕಳಿತ ಬಾಳೆಹಣ್ಣು ಹುಳಿಯುತ್ತಿರಬೇಕು, ಏಕೆಂದರೆ ಹುಳಿಯುವ ಆಹಾರದ ವಾಸನೆ ಸೇರದ ಬರಿಯ ಫೆರೊಮೋನಿಗೆ ಬರುವ ದುಂಬಿಗಳು ಬಹಳ ಕಡಿಮೆ. ಬಕೆಟ್ಟು ಒಣಗಿ, ಬೆಲ್ಲದ ಅಂಟು ತಳಕ್ಕೆ ಕಟ್ಟಿ, ಜೇಡ ಬಲೆ ನೇಯ್ದಿರುವ ಟ್ರ್ಯಾಪುಗಳು ಯಾವ ಊರಿನ ತೋಟದಲ್ಲೂ ಹುಡುಕದೆ ಸಿಗುತ್ತವೆ. ಅಂಥ ಬಲೆ ಇಲ್ಲದಿರುವುದಕ್ಕಿಂತ ಕೆಡುಕು. ಅದರ ಲ್ಯೂರ್ ಸುತ್ತಲಿನ ದುಂಬಿಗಳನ್ನು ಕರೆಯುತ್ತಲೇ ಇರುತ್ತದೆ, ಬಂದವು ಒಳಗೆ ಬೀಳದೆ ಪಕ್ಕದ ಮರವನ್ನು ಹುಡುಕಿಕೊಳ್ಳುತ್ತವೆ. ಬಲೆಯನ್ನು ತೆಂಗಿನ ಮರಕ್ಕೇ, ಅದರಲ್ಲೂ ಎಳೆಯ ಮರಕ್ಕೆ ಕಟ್ಟಬಾರದು, ತೋಟದ ಅಂಚಿನ ಬೇರೆ ಜಾತಿಯ ಮರಕ್ಕೋ ಕಲ್ಲುಕಂಬಕ್ಕೋ ಸೊಂಟದೆತ್ತರದಲ್ಲಿ ಕಟ್ಟಬೇಕು ಎಂಬ ಸಲಹೆಯ ಹಿಂದೆ ಇರುವುದು ಇದೇ ಭಯ.

ತೋಟದ ಅಂಚು ಎಂದಾಗ ಭೀಮಸಮುದ್ರದಂಥ ಊರಿನ ಸಮಸ್ಯೆ ಎದುರಾಗುತ್ತದೆ. ಕೆರೆಯ ಕೆಳಗೆ ಒಬ್ಬರ ತೋಟದ ಅಂಚೇ ಇನ್ನೊಬ್ಬರ ತೋಟದ ಒಡಲು. ಹೆಕ್ಟೇರಿಗೊಂದು ಬಲೆ ಸಾಕು ಎಂಬ ಶಿಫಾರಸನ್ನು ಒಂದೂವರೆ ಎಕರೆಯ ಹಿಡುವಳಿಗಳ ಊರಿನಲ್ಲಿ ಪಾಲಿಸುವುದಾದರೆ ಇಬ್ಬರು ರೈತರಿಗೆ ಒಂದರಂತೆ ಬಲೆ ಬರುತ್ತದೆ. ಅದನ್ನು ಯಾರ ಬದುವಿನಲ್ಲಿ ನಿಲ್ಲಿಸುವುದು, ವಾರಕ್ಕೊಮ್ಮೆ ಬೆಲ್ಲದ ನೀರು ಬದಲಿಸುವವರು ಯಾರು ಎಂಬುದು ಕೀಟವಿಜ್ಞಾನದ ಪ್ರಶ್ನೆಯಲ್ಲ, ಆದರೆ ಅದಕ್ಕೆ ಉತ್ತರವಿಲ್ಲದಿದ್ದರೆ ವಿಜ್ಞಾನ ಅಲ್ಲಿಗೇ ನಿಲ್ಲುತ್ತದೆ. ಕೆರೆಯ ನೀರು ಹಂಚಿಕೊಳ್ಳಲು ಸರದಿ ಕಟ್ಟಿಕೊಂಡು ಬಂದ ಊರುಗಳಿಗೆ ಬಲೆಯ ಸರದಿ ಅಸಾಧ್ಯವಾದುದೇನಲ್ಲ.

ಅಡಿಕೆ ಬೆಳೆಗಾರರು ಇಲ್ಲಿಯವರೆಗೆ ಓದಿ, ತಮ್ಮ ಬೇರು ತಿನ್ನುವ ಗೊಣ್ಣೆಹುಳುವಿನ ಮಾತೇ ಬರಲಿಲ್ಲವಲ್ಲ ಎಂದುಕೊಂಡರೆ ಅದು ಸಹಜ. ಶೇಂಗಾಕ್ಕೆ ಬೀಳುವ ಗೊಣ್ಣೆಹುಳುಗಳ ಪೈಕಿ ರಾಜಸ್ಥಾನದ ಹೊಲಗಳ ಒಂದು ಜಾತಿಯಲ್ಲೂ ದಕ್ಷಿಣ ಭಾರತದ ಇನ್ನೊಂದು ಜಾತಿಯಲ್ಲೂ ಹೆಣ್ಣು ದುಂಬಿ ಬೀರುವುದು ಅನಿಸೋಲ್ ಎಂಬ ಅತಿ ಸಾಮಾನ್ಯ ರಾಸಾಯನಿಕವೆಂದು ಗೊತ್ತಾಗಿದೆ. ಅಡಿಕೆಯ ಬೇರುಹುಳು ಲ್ಯೂಕೊಫೋಲಿಸ್ ಎಂಬ ಬೇರೆ ಕುಲದ್ದು. ಒಂದು ಜಾತಿಯ ಕರೆ ಇನ್ನೊಂದಕ್ಕೆ ಸಾಮಾನ್ಯವಾಗಿ ಕೇಳಿಸದಿರುವುದು ಫೆರೊಮೋನಿನ ಸ್ವಭಾವವಾದುದರಿಂದ, ಶೇಂಗಾದ ಲ್ಯೂರನ್ನು ಅಡಿಕೆ ತೋಟದಲ್ಲಿ ತೂಗುಹಾಕುವುದು ಪರವೂರಿನ ಭಾಷೆಯಲ್ಲಿ ಡಂಗುರ ಹೊಡೆದಂತೆ. ಮುಂಗಾರಿನ ಮೊದಲ ಮಳೆಗಳ ನಂತರ ಮುಸ್ಸಂಜೆಯಲ್ಲಿ ನೆಲದಿಂದ ಏಳುವ ದುಂಬಿಗಳನ್ನು ಕೈಯಿಂದ ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವ ಹಳೆಯ ಕ್ರಮಕ್ಕೆ ಅಡಿಕೆಯಲ್ಲಿ ಇಂದಿಗೂ ಬೆಲೆ ಇದೆ.

ಲ್ಯೂರ್ ಕೊಳ್ಳುವಾಗ ಪೊಟ್ಟಣದ ಮೇಲೆ ಕೀಟದ ಹೆಸರೂ ತಯಾರಾದ ತಿಂಗಳೂ ಇದೆಯೇ ಎಂದು ನೋಡಬೇಕು. ಔಷಧಿ ಸೀಸೆಯ ಮುಚ್ಚಳದಷ್ಟಿರುವ ರಬ್ಬರ್ ಬಿರಡೆಗಳು ಎಲ್ಲ ಕೀಟಗಳಿಗೂ ಒಂದೇ ರೂಪದಲ್ಲಿರುವುದರಿಂದ ಪೊಟ್ಟಣ ಬಿಚ್ಚಿದ ಮೇಲೆ ಗುರುತು ಸಿಗುವುದಿಲ್ಲ. ಒಂದು ಲ್ಯೂರ್ ಮುಟ್ಟಿದ ಬೆರಳಿನಿಂದ ಇನ್ನೊಂದನ್ನು ಮುಟ್ಟಿದರೆ ಎರಡೂ ಕೆಡುತ್ತವೆ. ಹೊಲದ ಪತಂಗಗಳ ಬಿರಡೆಯನ್ನು ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಬೇಕು, ಹಳೆಯದನ್ನು ಹೊಲದಲ್ಲಿ ಬಿಸಾಡದೆ ಹೂಳಬೇಕು, ಹೊಸದನ್ನು ಫ್ರಿಜ್ಜಿನಲ್ಲೋ ತಂಪಾದ ಮೂಲೆಯಲ್ಲೋ ಇಡಬೇಕು. ಯಾವ ಕೀಟಕ್ಕೆ ಯಾವ ಬಲೆ ಎಂಬ ಅನುಮಾನ ಬಂದರೆ ಈ ತಾಲ್ಲೂಕುಗಳವರಿಗೆ ಹಿರಿಯೂರಿನ ಬಬ್ಬೂರು ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರವಿದೆ. ರೈನೋಸಿರಸ್ ದುಂಬಿಯ ಬಕೆಟ್ಟನ್ನು ಕಟ್ಟುವ ಮೊದಲು ಮನೆಯ ಹಿಂದಿನ ತಿಪ್ಪೆಯನ್ನೊಮ್ಮೆ ತಿರುವಿಹಾಕುವುದು ಒಳ್ಳೆಯದು: ದುಂಬಿಯ ದಪ್ಪ ಬಿಳಿ ಮರಿಗಳು ಬೆಳೆಯುವುದು ಅಲ್ಲಿಯೇ, ಅವನ್ನು ಆರಿಸಿ ಕೋಳಿಗೆ ಹಾಕಲು ಯಾವ ಲ್ಯೂರೂ ಬೇಕಾಗುವುದಿಲ್ಲ.